ಪರಿಚಿತ ನುಡಿ, ಅಪರಿಚಿತ ಕಿವಿ

ಖಾಪರಖೇಡಾದಿಂದ ಕೋರಾಡಿಯ ಮೇಲೆ ನಾಗಪುರಕ್ಕೆ ಹೋಗುವ ದಾರಿಯಲ್ಲಿ, ಮಾನಕಾಪುರ ದಾಟಿ ಸದರ್ ಪೇಟೆ ಮುಟ್ಟುವುದರೊಳಗೆ, ಒಂದು ಚೌಕ ಬರುತ್ತದೆ. ಆಟೋದವರ ಬಾಯಲ್ಲಿ ಅದು ‘ಪಾಗಲ್‌ಖಾನಾ ಚೌಕ’. ಹತ್ತಿರದಲ್ಲಿ ಪ್ರಾದೇಶಿಕ ಮನೋರುಗ್ಣಾಲಯವಿದೆ. 1864ರಲ್ಲಿ ಆರಂಭವಾದ ಈ ಸಂಸ್ಥೆ ಇಂದು ಮಹಾರಾಷ್ಟ್ರದ ಇಂತಹ ನಾಲ್ಕು ಆಸ್ಪತ್ರೆಗಳಲ್ಲಿ ಒಂದು. ಉಳಿದ ಮೂರು ಠಾಣೆ, ಪುಣೆ ಮತ್ತು ರತ್ನಾಗಿರಿಯಲ್ಲಿವೆ. ಚೌಕದ ಹೆಸರು ದಿನಬಳಕೆಯಲ್ಲಿ ಸವೆದು ಹೋಗಿ, ಹೇಳುವವರಿಗೂ ಕೇಳುವವರಿಗೂ ಅದರ ಅರ್ಥ ತಟ್ಟುವುದಿಲ್ಲ. ಆದರೆ ಹಲವು ವಾರಗಳಿಂದ ನಿದ್ದೆ ಕಾಣದ ಹತ್ತೊಂಬತ್ತರ ಹುಡುಗನೊಬ್ಬ ಒಂದು ಬೆಳಗ್ಗೆ ಧೈರ್ಯ ಮಾಡಿ ಅಲ್ಲಿನ ಹೊರರೋಗಿ ವಿಭಾಗಕ್ಕೆ ಹೊರಟನೆಂದು ಭಾವಿಸಿ. ವೈದ್ಯರನ್ನು ಕಾಣುವ ಮೊದಲೇ ಅವನು ಮಾಡಬೇಕಾದ ಕೆಲಸವೊಂದಿದೆ: ತನ್ನ ಕಾಲೋನಿಯ ನಾಲ್ಕು ಜನ ಕುಳಿತಿರುವ ಆಟೋದಲ್ಲಿ ಆ ಹೆಸರನ್ನು ಗಟ್ಟಿಯಾಗಿ ಹೇಳಿ ಇಳಿಯಬೇಕು. ಚಿಕಿತ್ಸೆಯ ಚರಿತ್ರೆಯನ್ನು ಬರೆದವರು ಬಹಳ ಮಂದಿ. ಚಿಕಿತ್ಸೆಯನ್ನು ಕೇಳುವ ಈ ಮೊದಲ ಮಾತಿಗೂ ಒಂದು ಚರಿತ್ರೆಯಿದೆ. ಈ ಬರಹ ಅದರ ಕುರಿತು.

ಸಾವನೇರ್ ತಾಲ್ಲೂಕಿನ ಖಾಪರಖೇಡಾ ಹೊರಗಿನವರಿಗೆ ಗೊತ್ತಿರುವುದು ಶಾಖೋತ್ಪನ್ನ ವಿದ್ಯುತ್ ಕೇಂದ್ರದಿಂದ. 210 ಮೆಗಾವಾಟಿನ ನಾಲ್ಕು ಘಟಕ, 500 ಮೆಗಾವಾಟಿನ ಒಂದು, ಒಟ್ಟು 1340. ಸುತ್ತಲೂ ವೆಸ್ಟರ್ನ್ ಕೋಲ್‌ಫೀಲ್ಡ್ಸಿನ ಗಣಿಪ್ರದೇಶ. ಕಲ್ಲಿದ್ದಲು ಮತ್ತು ಬೂದಿ ಇರುವಲ್ಲಿಗೆ ಕೆಲಸ ಹುಡುಕುವ ಜನ ಎಲ್ಲ ದಿಕ್ಕಿನಿಂದಲೂ ಬರುತ್ತಾರೆ. ಇಲ್ಲಿನ ಸಂತೆಯಲ್ಲಿ ಒಂದು ಸುತ್ತು ಹಾಕಿದರೆ ವರ್ಹಾಡಿ ಛಾಯೆಯ ಮರಾಠಿ, ಛತ್ತೀಸಗಢಿ, ತೆಲುಗು, ಭೋಜಪುರಿ, ನಾಗಪುರದ ಹಿಂದಿ ಎಲ್ಲವೂ ಕಿವಿಗೆ ಬೀಳುತ್ತವೆ. ವರ್ಗಾವಣೆಯ ಆದೇಶ ಹಿಡಿದು ಬಂದ ನಮ್ಮಂತಹ ಕೆಲವು ಕನ್ನಡದ ಮನೆಗಳೂ ಜಿಲ್ಲೆಯಲ್ಲಿ ಅಲ್ಲಲ್ಲಿ ಇವೆ. ಗೊಂಡಿಯೂ ಇದೆ, ಕಿವಿಗೊಟ್ಟು ಕೇಳಿದರೆ. ಹದಿನೆಂಟನೆಯ ಶತಮಾನದ ಆರಂಭದಲ್ಲಿ ನಾಗಪುರವನ್ನು ಪಟ್ಟಣವಾಗಿ ಕಟ್ಟಿದವನು ದೇವಗಢದ ಗೊಂಡ ಅರಸ ಬಖ್ತ್ ಬುಲಂದ್ ಶಾಹ. ಗೊಂಡಿ ನಮ್ಮ ನುಡಿಯ ದೂರದ ದಾಯಾದಿ. ಕಣ್ಣು, ಕೈಗಳ ಹೆಸರುಗಳನ್ನು ಕೇಳಿದರೆ ಕನ್ನಡಿಗರಿಗೆ ಬೆರಗಾಗುವಷ್ಟು ಹತ್ತಿರ. ಊರನ್ನು ಕಟ್ಟಿದವರ ನುಡಿ ಈ ಊರಿನ ಯಾವ ಕಚೇರಿಯ ಅರ್ಜಿಯಲ್ಲೂ ಇಲ್ಲ. ಈ ಮಾತನ್ನು ಮುಂದೆ ಮತ್ತೆ ಎತ್ತಿಕೊಳ್ಳಬೇಕಾಗಿದೆ.

1858ರಲ್ಲಿ ಬ್ರಿಟಿಷ್ ಭಾರತದಲ್ಲಿ ಮತಿವಿಕಲರ ಕುರಿತು ಮೂರು ಕಾಯ್ದೆಗಳು ಒಟ್ಟಿಗೆ ಬಂದವು: 34, 35 ಮತ್ತು 36ನೆಯವು. ಮೊದಲ ಎರಡರ ಚಿಂತೆ ಆಸ್ತಿಯದು, ಮೂರನೆಯದು ಆಶ್ರಯಾಲಯಗಳದು. 1861ರಲ್ಲಿ ಮಧ್ಯಪ್ರಾಂತ್ಯ ರಚನೆಯಾಯಿತು. ಮೂರು ವರ್ಷಕ್ಕೆ ನಾಗಪುರದ ಆಶ್ರಯಾಲಯ ಬಂತು. ಆ ಕಾಯ್ದೆಯ ವ್ಯವಸ್ಥೆಯಲ್ಲಿ ಮಾತನಾಡುವವರು ಯಾರು ಎಂದು ಗಮನಿಸಿದರೆ ಸ್ವಾರಸ್ಯವಿದೆ. ಅಲೆಯುತ್ತಿರುವವನನ್ನು, ಅಪಾಯಕಾರಿ ಎನಿಸಿದವನನ್ನು ಪೊಲೀಸ್ ಅಧಿಕಾರಿ ಹಿಡಿದು ತರುತ್ತಾನೆ. ಮ್ಯಾಜಿಸ್ಟ್ರೇಟ್ ವಿಚಾರಿಸುತ್ತಾನೆ. ವೈದ್ಯಾಧಿಕಾರಿ ಪ್ರಮಾಣಪತ್ರ ಕೊಡುತ್ತಾನೆ. ಬಂಧುಗಳು ಅರ್ಜಿ ಹಾಕಬಹುದು. ‘ನನಗೆ ಹೀಗಾಗುತ್ತಿದೆ, ನೋಡಿ’ ಎಂದು ತಾನಾಗಿ ಬಂದು ಬಾಗಿಲು ತಟ್ಟುವವನಿಗೆ ಅಲ್ಲಿ ಜಾಗವಿಲ್ಲ. ನೋವಿನ ಕಥೆಯೆಲ್ಲ ಪ್ರಥಮ ಪುರುಷದಲ್ಲಿದೆ: ಅವನು, ಅವಳು. ಉತ್ತಮ ಪುರುಷ ಇಲ್ಲವೇ ಇಲ್ಲ. 1912ರ ಕಾಯ್ದೆಯಲ್ಲಿ ಸ್ವಇಚ್ಛೆಯಿಂದ ಬಂದು ಸೇರುವವರಿಗೆ ಒಂದು ಕಿಂಡಿ ತೆರೆಯಿತು; ಅದಕ್ಕೂ ಇಬ್ಬರು ಸಂದರ್ಶಕ ಅಧಿಕಾರಿಗಳ ಒಪ್ಪಿಗೆ ಬೇಕಾಗಿತ್ತು. ಈ ಕಾಯ್ದೆ ಮುಕ್ಕಾಲು ಶತಮಾನ ಬಾಳಿತು.

ಬಾಯಿಲ್ಲದವನ ಕಥೆಯನ್ನು ಬೇರೆಯವರು ಬರೆದರೆ ಏನಾಗುತ್ತದೆ ಎಂಬುದಕ್ಕೆ ಅಂದಿನ ಸರ್ಕಾರವೇ ಒಂದು ಸಾಕ್ಷ್ಯ ಬಿಟ್ಟುಹೋಗಿದೆ. ಆಶ್ರಯಾಲಯಗಳ ದಾಖಲೆಯಲ್ಲಿ ‘ಕಾರಣ’ ಎಂಬ ಕಾಲಂ ಇತ್ತು. ಅದನ್ನು ಖಾಲಿ ಬಿಡುವಂತಿಲ್ಲ. ಸರ್ಕಾರಿ ನಮೂನೆಯ ಕಾಲಂಗಳ ಸ್ವಭಾವ ಆಗಲೂ ಹಾಗೇ, ಈಗಲೂ ಹಾಗೇ. ರೋಗಿಯ ಜೊತೆ ಬರುತ್ತಿದ್ದ ಪೊಲೀಸರ ಚೀಟಿಯಲ್ಲಿ ‘ಗಾಂಜಾ’ ಎಂದಿರುತ್ತಿತ್ತು. ವೈದ್ಯರು ಅದನ್ನೇ ಪುಸ್ತಕಕ್ಕೆ ಇಳಿಸುತ್ತಿದ್ದರು. ವರ್ಷಾಂತ್ಯದ ವರದಿಗಳಲ್ಲಿ ಈ ಸಂಖ್ಯೆಗಳು ಸೇರಿ, ಗಾಂಜಾದಿಂದ ಹಿಂದೂಸ್ತಾನ ಹುಚ್ಚಾಗುತ್ತಿದೆ ಎಂಬ ಸಿದ್ಧಾಂತವಾಗಿ, ಲಂಡನ್ನಿನ ಪಾರ್ಲಿಮೆಂಟಿನವರೆಗೆ ಹೋಯಿತು. 1893–94ರಲ್ಲಿ ಇಂಡಿಯನ್ ಹೆಂಪ್ ಡ್ರಗ್ಸ್ ಕಮಿಷನ್ ನೇಮಕವಾಗಿ, ಆಶ್ರಯಾಲಯಗಳ ದಾಖಲೆಗಳನ್ನು ಒಂದೊಂದಾಗಿ ಹಿಂಬಾಲಿಸಿ, ರೋಗಿಯ ಊರಿನವರನ್ನೂ ಮನೆಯವರನ್ನೂ ವಿಚಾರಿಸಿತು. ಗಾಂಜಾ ಕಾರಣವೆಂದು ಬರೆದಿದ್ದ ಪ್ರಕರಣಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಈ ವಿಚಾರಣೆಯ ಮುಂದೆ ನಿಲ್ಲಲಿಲ್ಲ. ಸಾವಿನ ದುಃಖವೋ, ಜ್ವರವೋ, ಹಳೆಯ ಮೂರ್ಛೆರೋಗವೋ ಇದ್ದವರ ಹೆಸರಿನ ಮುಂದೆ ಅಪರಿಚಿತ ಕಾನ್‌ಸ್ಟೇಬಲನೊಬ್ಬನ ಊಹೆ ಶಾಶ್ವತವಾಗಿ ಕುಳಿತಿತ್ತು. ರೋಗಿಯನ್ನು ಅವನ ನುಡಿಯಲ್ಲಿ ಕೇಳುವ ವ್ಯವಸ್ಥೆ ಇದ್ದಿದ್ದರೆ ಈ ಆಯೋಗವೇ ಬೇಕಾಗುತ್ತಿರಲಿಲ್ಲವೇನೋ.

ಕನ್ನಡ ನಾಡಿನ ಕಥೆಯೂ ಇದಕ್ಕಿಂತ ಬಹಳ ಬೇರೆಯಲ್ಲ. ಧಾರವಾಡದ ಆಶ್ರಯಾಲಯ 1845ರಷ್ಟು ಹಳೆಯದು. ಬೆಂಗಳೂರಿನದು ಅದಕ್ಕಿಂತ ಎರಡು ಮೂರು ವರ್ಷ ಕಿರಿಯದು. ಧಾರವಾಡ ಆಗ ಮುಂಬಯಿ ಪ್ರಾಂತ್ಯದ ಭಾಗ. ಕನ್ನಡದ ಮಕ್ಕಳು ಮರಾಠಿ ಶಾಲೆಯಲ್ಲಿ ಕೂತು ಅಕ್ಷರ ಕಲಿಯಬೇಕಿದ್ದ ಕಾಲವದು. ಡೆಪ್ಯುಟಿ ಚನ್ನಬಸಪ್ಪನವರು ಅದರ ವಿರುದ್ಧ ದುಡಿದದ್ದು ಮುಂದಿನ ತಲೆಮಾರಿನಲ್ಲಿ. ಶಾಲೆಯಲ್ಲೇ ಮನೆಮಾತು ಸಲ್ಲದಿದ್ದಾಗ ಆಶ್ರಯಾಲಯದಲ್ಲಿ ಸಲ್ಲುತ್ತಿತ್ತೆಂದು ಭಾವಿಸುವುದು ಕಷ್ಟ. ಬೆಂಗಳೂರಿನಲ್ಲಿಯೋ ಪೇಟೆಯ ಕನ್ನಡ, ತೆಲುಗುಗಳ ಪಕ್ಕದಲ್ಲೇ ದಂಡುಪ್ರದೇಶದ ತಮಿಳು, ಉರ್ದು, ಇಂಗ್ಲಿಷ್. ಒಂದೇ ಅಂಗಳದಲ್ಲಿ ಐದು ನುಡಿಗಳ ಸಂಕಟ. 1925ರಲ್ಲಿ ಮೈಸೂರು ಸರ್ಕಾರ ಆ ಸಂಸ್ಥೆಯ ಹೆಸರನ್ನು ‘ಮೆಂಟಲ್ ಹಾಸ್ಪಿಟಲ್’ ಎಂದು ಬದಲಿಸಿತು. 1954ರಲ್ಲಿ ಅದರ ಪಕ್ಕದಲ್ಲೇ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಗಿ ಡಾ. ಎಂ. ವಿ. ಗೋವಿಂದಸ್ವಾಮಿ ಮೊದಲ ನಿರ್ದೇಶಕರಾದರು. 1974ರಲ್ಲಿ ಎರಡೂ ಸೇರಿ ನಿಮ್ಹಾನ್ಸ್ ಆಯಿತು. ಹೆಸರು ಬದಲಾದರೂ ನಮ್ಮ ಬೀದಿಯ ಮಾತಿನಲ್ಲಿ ‘ಹುಚ್ಚಾಸ್ಪತ್ರೆ’ ಬದಲಾಗಲಿಲ್ಲ. ಕೊನೆಗೆ ‘ನಿಮ್ಹಾನ್ಸಿಗೆ ಸೇರಿಸಬೇಕು ನಿನ್ನ’ ಎಂಬುದೇ ಹೊಸ ಬೈಗುಳವಾಯಿತು. ಸರ್ಕಾರ ಹೆಸರು ಬದಲಿಸಿದಷ್ಟೂ ಜನ ಹೊಸ ಹೆಸರಿಗೆ ಹಳೆಯ ಅರ್ಥವನ್ನು ತುಂಬುತ್ತಾರೆ. ನಾಗಪುರದ ಚೌಕದ ಹೆಸರನ್ನು ಬದಲಿಸಿದರೆ ಎಲ್ಲ ಸರಿಹೋಗುತ್ತದೆಂದು ನಾನು ನಂಬದಿರುವುದು ಇದರಿಂದಲೇ.

ಆದರೆ ಮೈಸೂರಿನಲ್ಲಿ ಬೇರೊಂದು ಎಳೆ ಆಸ್ಪತ್ರೆಯ ಹೊರಗೆ ಬೆಳೆಯುತ್ತಿತ್ತು. ಮಹಾರಾಜ ಕಾಲೇಜಿನಲ್ಲಿ 1924ರಲ್ಲಿ ಮನಶ್ಶಾಸ್ತ್ರ ವಿಭಾಗವನ್ನು ಕಟ್ಟಿದವರು ಲಂಡನ್ನಿನಲ್ಲಿ ಓದಿ ಬಂದ ಡಾ. ಎಂ. ವಿ. ಗೋಪಾಲಸ್ವಾಮಿ. ಇವರೇ 1935ರಲ್ಲಿ ತಮ್ಮ ಮನೆ ‘ವಿಠಲ ವಿಹಾರ’ದಿಂದ ಬಾನುಲಿ ಪ್ರಸಾರ ಆರಂಭಿಸಿ ಅದಕ್ಕೆ ‘ಆಕಾಶವಾಣಿ’ ಎಂಬ ಹೆಸರಿಟ್ಟವರು. ಮುಂದೆ ಇಡೀ ದೇಶದ ಬಾನುಲಿಗೇ ಆ ಹೆಸರು ಬಂತು. ಮನಸ್ಸಿನ ಪ್ರಾಧ್ಯಾಪಕರು ದನಿಯ ಹಿಂದೆ ಬಿದ್ದದ್ದು ಬರಿಯ ಹವ್ಯಾಸವೆಂದು ಹೇಳುವವರು ಹೇಳಲಿ. ಕಾಣದ ಒಬ್ಬರ ದನಿ ತನ್ನ ನುಡಿಯಲ್ಲಿ, ತನ್ನ ಕೋಣೆಯೊಳಕ್ಕೆ ಬರುವುದರಲ್ಲಿ ಮನಸ್ಸಿಗೆ ಸಂಬಂಧಿಸಿದ್ದೇನೋ ಇದೆಯೆಂದು ನನಗನಿಸುತ್ತದೆ.

ಮೈಸೂರಿನಲ್ಲಿ ಮನಶ್ಶಾಸ್ತ್ರ ಓದಿದ ತ್ರಿವೇಣಿಯವರು ಕೇವಲ ಮೂವತ್ತನಾಲ್ಕು ವರ್ಷ ಬದುಕಿ (1928–1963) ಕನ್ನಡದ ಮನೆಮನೆಗೆ ಅದನ್ನು ಕಾದಂಬರಿಯಾಗಿ ಮುಟ್ಟಿಸಿದರು. ‘ಶರಪಂಜರ’ವನ್ನು ಓದಿದವರಿಗಿಂತ ಪುಟ್ಟಣ್ಣ ಕಣಗಾಲರ ಚಿತ್ರದಲ್ಲಿ ಕಲ್ಪನಾ ಅವರ ಕಾವೇರಿಯನ್ನು ಕಂಡವರು ಹೆಚ್ಚು. ಆ ಕಥೆಯ ಕ್ರೌರ್ಯ ಕಾಯಿಲೆಯಲ್ಲಿಲ್ಲ. ಗುಣವಾಗಿ ಮನೆಗೆ ಮರಳಿದ ಮೇಲಿದೆ. ಕಾವೇರಿಯ ಪ್ರತಿ ನಗೆಯನ್ನೂ ಪ್ರತಿ ಸಿಟ್ಟನ್ನೂ ಮನೆಯವರು ಅಳೆದು ನೋಡುತ್ತಾರೆ. ನಮ್ಮ ತಾಯಂದಿರ ತಲೆಮಾರು ಈ ಚಿತ್ರ ನೋಡಿ ಅತ್ತಿತು. ಅದರಿಂದ ಕಲಿತ ಪಾಠ ಮಾತ್ರ, ನನ್ನ ಊಹೆಯಲ್ಲಿ, ಲೇಖಕಿಯ ಆಶಯಕ್ಕೆ ತಿರುಗುಮುರುಗಾದದ್ದು: ಅಲ್ಲಿಗೆ ಹೋದದ್ದು ಯಾರಿಗೂ ಗೊತ್ತಾಗಬಾರದು. ಮುಂದೆ ‘ರಾಶಿ’ ಎಂಬ ಹೆಸರಿನಲ್ಲಿ ನಗಿಸಿದ, ‘ಕೊರವಂಜಿ’ಯನ್ನು ನಡೆಸಿದ ಡಾ. ಎಂ. ಶಿವರಾಂ ಬರೆದ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಮನೋರೋಗಗಳ ಕುರಿತ ಪುಸ್ತಕವೊಂದು ಸಾಹಿತ್ಯವೆಂದು ಮನ್ನಣೆ ಪಡೆದದ್ದು ಕನ್ನಡಕ್ಕೆ ಸಂದ ಗೌರವ. ಶಿವಮೊಗ್ಗೆಯ ಡಾ. ಅಶೋಕ ಪೈ ಅವರ ಕಥೆ ಸುರೇಶ ಹೆಬ್ಳೀಕರರ ‘ಕಾಡಿನ ಬೆಂಕಿ’ ಚಿತ್ರವಾಯಿತು. ನಿಮ್ಹಾನ್ಸಿನ ಡಾ. ಸಿ. ಆರ್. ಚಂದ್ರಶೇಖರ್ ಸರಳ ಕನ್ನಡದಲ್ಲಿ ನೂರಕ್ಕೂ ಹೆಚ್ಚು ಪುಸ್ತಕ ಬರೆದರು. ‘ಖಿನ್ನತೆ’ ಎಂಬ ಗ್ರಾಂಥಿಕ ಪದ ಇಂದು ಹಳ್ಳಿಯ ಓದುಗರಿಗೂ ಅರ್ಥವಾಗುತ್ತಿದ್ದರೆ ಅದರಲ್ಲಿ ಇಂತಹ ಬರಹಗಳ ಪಾಲು ದೊಡ್ಡದು.

ಇವೆಲ್ಲಕ್ಕಿಂತ ಮುಖ್ಯವೆಂದು ನಾನು ಎಣಿಸುವುದು ಯಾವ ಸಾಹಿತ್ಯ ಚರಿತ್ರೆಯಲ್ಲೂ ಸೇರದ ಒಂದು ಪ್ರಕಾರವನ್ನು: ವಾರಪತ್ರಿಕೆಗಳ ಪ್ರಶ್ನೋತ್ತರ ಅಂಕಣ. ‘ನಾನು ಇಪ್ಪತ್ತು ವರ್ಷದ ಯುವತಿ’ ಎಂದು ಶುರುವಾಗಿ ‘ಹೆಸರು, ಊರು ಬೇಡ’ ಎಂದು ಮುಗಿಯುತ್ತಿದ್ದ ಪತ್ರಗಳು. ಮನೆಯ ಹಿರಿಯರು ಧಾರಾವಾಹಿಗೆಂದು ತರಿಸುತ್ತಿದ್ದ ಪತ್ರಿಕೆಯ ಅದೊಂದು ಪುಟವನ್ನು ಹರೆಯದವರು ಬಾಗಿಲ ಮರೆಯಲ್ಲಿ ಓದುತ್ತಿದ್ದರು. ಅಲ್ಲಿ ಕೇಳುವವರು ತಮ್ಮ ನುಡಿಯಲ್ಲೇ ಕೇಳುತ್ತಿದ್ದರು, ಉತ್ತರಿಸುವವರು ಅಪರಿಚಿತರು. 1858ರ ಕಾಯ್ದೆಯಲ್ಲಿ ಇಲ್ಲದಿದ್ದ ಉತ್ತಮ ಪುರುಷ ನಮ್ಮಲ್ಲಿ ಮೊದಲು ಕಾಣಿಸಿಕೊಂಡದ್ದು ಆಸ್ಪತ್ರೆಯಲ್ಲಲ್ಲ, ಈ ಅಂಕಣದಲ್ಲಿ.

ಏಕೆ ಈ ಎರಡೂ ಒಟ್ಟಿಗೆ ಬೇಕು ಎಂಬುದನ್ನು ಸ್ವಲ್ಪ ಬಿಡಿಸಿ ನೋಡಬೇಕು. ಆಶ್ರಯಾಲಯದಲ್ಲಿ ಅಪರಿಚಿತರಿದ್ದರು, ನುಡಿ ಇರಲಿಲ್ಲ. ಮನೆಯಲ್ಲಿ, ಮಠದಲ್ಲಿ, ದರ್ಗಾದಲ್ಲಿ, ಭೂತದ ಕೋಲದ ಮುಂದೆ ನುಡಿ ಇತ್ತು, ಆದರೆ ಅಲ್ಲಿ ಎಲ್ಲರೂ ಎಲ್ಲರಿಗೂ ಗೊತ್ತು. 1950ರ ದಶಕದಲ್ಲಿ ಅಮೃತಸರದ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಅಂಗಳದಲ್ಲಿ ಡೇರೆ ಹಾಕಿಸಿ ರೋಗಿಯ ಜೊತೆ ಮನೆಯವರನ್ನೂ ಇರಿಸಿಕೊಂಡರು. ಆ ಪ್ರಯೋಗ ವೆಲ್ಲೂರು, ಬೆಂಗಳೂರುಗಳಲ್ಲೂ ಬೇರೂರಿತು. ಅದರಿಂದ ಆದ ಉಪಕಾರ ಅಷ್ಟಿಷ್ಟಲ್ಲ. ತೀವ್ರ ಕಾಯಿಲೆಯವರಿಗೆ ಮನೆಯವರಿಗಿಂತ ಒಳ್ಳೆಯ ದುಭಾಷಿ ಸಿಗಲಾರರು. ಆದರೆ ಹದಿನೇಳರ ಹುಡುಗಿಯ ಸಂಕಟಕ್ಕೆ ಮನೆಯೇ ಕಾರಣವಾಗಿದ್ದರೆ? ತಾಯಿಯನ್ನು ದುಭಾಷಿಯಾಗಿ ಕೂರಿಸಿಕೊಂಡು ಆಕೆ ಏನು ಹೇಳಿಯಾಳು?

ಹೇಳಲಾರದವರು ಮೈಯನ್ನು ಮುಂದೆ ಮಾಡುತ್ತಾರೆ. ತಲೆನೋವು, ಎದೆ ಹಿಡಿದಂತೆ, ಹೊಟ್ಟೆಯಲ್ಲಿ ಸಂಕಟ, ಕೈಕಾಲು ಜೋಮು. ನಿಮ್ಹಾನ್ಸಿನ ರಘುರಾಂ, ಚನ್ನಬಸವಣ್ಣ ಮತ್ತು ಅವರ ಜೊತೆ ಕೆಲಸ ಮಾಡಿದ ಮಿಚೆಲ್ ವೈಸ್ ಮೊದಲಾದವರು ಬೆಂಗಳೂರಿನ 80 ಮಂದಿ ಹೊರರೋಗಿಗಳನ್ನು ಅವರವರ ಮಾತಿನಲ್ಲೇ ವಿಚಾರಿಸಿ 1996ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಸೊಗಸಾಗಿ ತೋರಿಸುತ್ತದೆ. ಮನದ ಕುಗ್ಗು ಹೆಚ್ಚಿದ್ದವರಲ್ಲಿ ಕಳಂಕದ ಭಯ ಹೆಚ್ಚು. ಮೈಯ ಲಕ್ಷಣಗಳು ಹೆಚ್ಚಿದ್ದವರಲ್ಲಿ ಕಡಿಮೆ. ತಲೆನೋವೆಂದರೆ ಮದುವೆ ಮುರಿಯುವುದಿಲ್ಲ. ‘ಹಿಂದುಳಿದವರು ಮನಸ್ಸನ್ನು ಗುರುತಿಸಲಾರದೆ ಮೈನೋವು ಎನ್ನುತ್ತಾರೆ’ ಎಂಬ ಪಾಶ್ಚಾತ್ಯ ಪಠ್ಯಗಳ ಹಳೆಯ ಮಾತಿಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕಿಲ್ಲ. ಅವರಿಗೆ ಗೊತ್ತಾಗುವುದಿಲ್ಲ ಎಂದಲ್ಲ. ಯಾವುದನ್ನು ಯಾರೆದುರು ಹೇಳಬಹುದೆಂಬುದು ಚೆನ್ನಾಗಿ ಗೊತ್ತು.

ಇಂಗ್ಲಿಷ್ ಎಂ.ಎ. ಮಾಡಿದವನ ಒಂದು ಚಪಲದ ಮಾತಿಗೆ ಇಲ್ಲಿ ಅವಕಾಶ ಕೊಡಿ. ಇಂಗ್ಲಿಷಿನಲ್ಲಿ ದುಃಖಿತನಾದವನು ‘ನಾನು’ ಎಂದು ಶುರುಮಾಡಿ ತಾನೇ ದುಃಖವೆಂಬಂತೆ ಹೇಳಬೇಕು. ಕನ್ನಡದಲ್ಲಿ ‘ನನಗೆ ಬೇಸರವಾಗಿದೆ’. ಮರಾಠಿಯಲ್ಲೂ ಹಾಗೆಯೇ, ಚತುರ್ಥಿ ವಿಭಕ್ತಿ. ಬೇಸರ ಎಲ್ಲಿಂದಲೋ ನನ್ನ ಬಳಿಗೆ ಬಂದಿದೆ. ಜ್ವರದಂತೆ, ಹಸಿವಿನಂತೆ, ಹೋಗಲೂಬಹುದು. ವ್ಯಾಕರಣದಲ್ಲೇ ಇಷ್ಟು ಕರುಣೆ ಇರುವ ನುಡಿಯಲ್ಲಿ ಒಬ್ಬರು ಅದನ್ನು ಹೇಳಿಕೊಳ್ಳಲು ಇಷ್ಟು ಕಷ್ಟಪಡಬೇಕಾಗಿದೆ.

ಹಾಗಾದರೆ ಎಲ್ಲರಿಗೂ ಅವರವರ ತಾಯ್ನುಡಿಯಲ್ಲಿ ಆಪ್ತಸಲಹೆ ಕೊಟ್ಟರೆ ಮುಗಿಯಿತೇ? ವರ್ಗಾವಣೆಯ ಬದುಕು ನೋಡಿದವರಿಗೆ ಇದು ಅಷ್ಟು ಸರಳವೆನಿಸುವುದಿಲ್ಲ. ನಮ್ಮ ಮಕ್ಕಳು ಮೂರು ನಾಲ್ಕು ವರ್ಷಕ್ಕೊಮ್ಮೆ ರಾಜ್ಯ ಬದಲಿಸುತ್ತಾರೆ. ಶಾಲೆಯಲ್ಲಿ ಹಿಂದಿ ಮತ್ತು ಇಂಗ್ಲಿಷ್, ಬೀದಿಯಲ್ಲಿ ಮರಾಠಿ, ಅಡುಗೆಮನೆಯಲ್ಲಿ ಕನ್ನಡ. ಆ ಕನ್ನಡ ‘ಊಟ ಆಯ್ತಾ’, ‘ಅಜ್ಜಿಗೆ ಫೋನ್ ಮಾಡು’ ಎಂಬಲ್ಲಿ ನಿಂತಿರುತ್ತದೆ. ಹದಿನಾರರ ತಳಮಳವನ್ನು ಹೊರುವಷ್ಟು ಅದು ಬೆಳೆದಿರುವುದಿಲ್ಲ. ಪರಿಚಯದ ಮನೆಯೊಂದರ ಹುಡುಗಿ, ಈಗ ಕೆಲಸದಲ್ಲಿರುವವಳು, ಒಮ್ಮೆ ಹೇಳಿದ್ದು ನೆನಪಿದೆ: “ಅಂಕಲ್, ಕನ್ನಡದಲ್ಲಿ ಹೇಳಿದ್ರೆ ಅಮ್ಮನ ಮುಖ ಕಣ್ಣ ಮುಂದೆ ಬರುತ್ತೆ. ಹಿಂದೀಲಿ ಹೇಳಿದ್ರೆ ಬರಲ್ಲ.” ಕಲಿತ ನುಡಿಯಲ್ಲಿ ನಾಚಿಕೆ ಸ್ವಲ್ಪ ದೂರ ಕುಳಿತಿರುತ್ತದೆ. ಆದ್ದರಿಂದ ತಾಯ್ನುಡಿ ಎನ್ನುವುದಕ್ಕಿಂತ ಆಯ್ದ ನುಡಿ ಎನ್ನುವುದು ಸರಿಯಾದೀತು. ನಮ್ಮ ಕಚೇರಿಗಳಲ್ಲಿ ಪ್ರತಿ ಸೆಪ್ಟೆಂಬರಿನಲ್ಲಿ ಹಿಂದಿ ಪಖವಾಡಾ ನಡೆಯುತ್ತದೆ, ಟಿಪ್ಪಣಿ ಬರೆಯುವ ಸ್ಪರ್ಧೆಯೂ ಇರುತ್ತದೆ. ಯಾವ ನುಡಿಯಲ್ಲಿ ಅಳುತ್ತೀರಿ ಎಂಬ ಕಾಲಂ ಮಾತ್ರ ಯಾವ ಸೇವಾಪುಸ್ತಕದಲ್ಲೂ ಇಲ್ಲ, ಇರದಿರುವುದೇ ಒಳ್ಳೆಯದು.

ಎರಡನೆಯ ತೊಡಕು ಸಣ್ಣ ಸಮುದಾಯದ್ದು. ಪರಊರಿನಲ್ಲಿ ನಿಮ್ಮ ನುಡಿ ಬಲ್ಲ ಆಪ್ತಸಲಹೆಗಾರರು ಒಬ್ಬರೇ ಇದ್ದರೆ, ಅವರು ಯುಗಾದಿಯ ಕೂಟದಲ್ಲಿ ನಿಮ್ಮ ತಂದೆಯ ಪಕ್ಕದಲ್ಲೇ ಕೂತು ಒಬ್ಬಟ್ಟು ತಿನ್ನುವವರಾಗಿರುತ್ತಾರೆ. ಇದು ನಾಗಪುರದ ಕನ್ನಡಿಗರಿಗೂ ಉಂಟು, ಮೆಲ್ಬರ್ನಿನ ಕನ್ನಡಿಗರಿಗೂ ಉಂಟು. ವಲಸಿಗರ ನಾಡಾದ ಆಸ್ಟ್ರೇಲಿಯಾ 1973ರಲ್ಲೇ ಫೋನಿನ ಮೂಲಕ ದುಭಾಷಿ ಸೇವೆಯನ್ನು ಆರಂಭಿಸಿತು. ದುಭಾಷಿ ಎದುರಿಗಿರದೆ ಬೇರೊಂದು ಊರಿನಲ್ಲಿರಬಹುದು ಎಂಬುದು ಅದರ ದೊಡ್ಡ ಅನುಕೂಲ. 2006ರಲ್ಲಿ ಅಲ್ಲಿ ಶುರುವಾದ ‘ಹೆಡ್‌ಸ್ಪೇಸ್’ ಕೇಂದ್ರಗಳು 12ರಿಂದ 25 ವರ್ಷದವರಿಗಾಗಿಯೇ ಇರುವಂಥವು. ಹೆಸರಿನಲ್ಲಿ ಆಸ್ಪತ್ರೆಯ ಸುಳಿವಿಲ್ಲ.

ನಮ್ಮಲ್ಲಿ ಈ ಅಗತ್ಯ ಎಷ್ಟು ದೊಡ್ಡದು ಎಂಬುದಕ್ಕೆ ಎರಡು ಲೆಕ್ಕ ಸಾಕು. ನಿಮ್ಹಾನ್ಸ್ 12 ರಾಜ್ಯಗಳಲ್ಲಿ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ 13ರಿಂದ 17 ವರ್ಷದವರಲ್ಲಿ 7.3% ಮಂದಿಗೆ ಯಾವುದೋ ಒಂದು ಮಾನಸಿಕ ತೊಂದರೆಯಿದೆ ಎಂದಿತು. ಬೇರೆ ಬೇರೆ ಕಾಯಿಲೆಗಳಲ್ಲಿ ಚಿಕಿತ್ಸೆ ದೊರೆಯದವರ ಪಾಲು ಬಹುಪಾಲು 70%ಕ್ಕೂ ಮೇಲೆ. ಕರ್ನಾಟಕವಾಗಲಿ ಮಹಾರಾಷ್ಟ್ರವಾಗಲಿ ಆ ಹನ್ನೆರಡರಲ್ಲಿ ಇರಲಿಲ್ಲ. ಕೋಲಾರದಲ್ಲಿ ಪೂರ್ವಪರೀಕ್ಷೆ ಮಾತ್ರ ನಡೆದಿತ್ತು. ರಾಷ್ಟ್ರೀಯ ಅಪರಾಧ ದಾಖಲೆ ವಿಭಾಗದ ಪ್ರಕಾರ 2022ರಲ್ಲಿ ದೇಶದಲ್ಲಿ ಆತ್ಮಹತ್ಯೆಯಿಂದ ಕಳೆದುಕೊಂಡ ವಿದ್ಯಾರ್ಥಿಗಳು 13,044. ರಾಜ್ಯಗಳ ಪೈಕಿ ಈ ಸಂಖ್ಯೆ ಅತಿ ಹೆಚ್ಚಾಗಿದ್ದದ್ದು ಮಹಾರಾಷ್ಟ್ರದಲ್ಲಿ.

ಕರ್ನಾಟಕ ಈ ವಿಷಯದಲ್ಲಿ ಹೊಸ ದಾರಿಗಳನ್ನು ಹುಡುಕಿದ ನಾಡು. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ನಿಮ್ಹಾನ್ಸ್ ತರಬೇತಿ ಕೊಟ್ಟು, ಚಿಕಿತ್ಸೆಯನ್ನು ಊರ ಬಾಗಿಲಿಗೆ ತಂದಿತು. 1996ರಲ್ಲಿ ಬಂದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಇದೇ ಮಾದರಿ. ಆದರೆ ಬಳ್ಳಾರಿಯ ಮಾದರಿ ಊರಲ್ಲಿ ನೆಲೆಯೂರಿದ ಕುಟುಂಬವನ್ನು ಮನಸ್ಸಿನಲ್ಲಿಟ್ಟುಕೊಂಡದ್ದು. ಊರು ಬಿಟ್ಟ ಹರೆಯದವರಿಗೆ ಬೇರೆಯೇ ಬಾಗಿಲು ಬೇಕಾಗಿತ್ತು. 2012ರ ಆಗಸ್ಟ್‌ನಲ್ಲಿ ಗಾಳಿಸುದ್ದಿಗೆ ಬೆದರಿ ಸಾವಿರಾರು ಈಶಾನ್ಯದ ಯುವಜನರು ಬೆಂಗಳೂರಿನಿಂದ ಗುವಾಹಟಿಯ ರೈಲು ಹತ್ತಿದಾಗ ಅದು ಬಯಲಾಯಿತು. ಅಧಿಕಾರಿಗಳು ಕನ್ನಡ, ಹಿಂದಿ, ಇಂಗ್ಲಿಷುಗಳಲ್ಲಿ ಕೊಟ್ಟ ಅಭಯಕ್ಕಿಂತ ತಮ್ಮವರ ಫೋನಿನಲ್ಲಿ ಬಂದ ಒಂದು ಸಾಲು ಅವರಿಗೆ ಹೆಚ್ಚು ನಂಬಿಕೆಯದಾಯಿತು. ಅದನ್ನು ಕಾನೂನು ಸುವ್ಯವಸ್ಥೆಯ ಪ್ರಶ್ನೆಯಾಗಿ ಮಾತ್ರ ನೋಡಿದ್ದು ಸಾಲದಾಯಿತೆಂದು ನನ್ನ ಅಭಿಪ್ರಾಯ. ಆಮೇಲಿನ ವರ್ಷಗಳಲ್ಲಿ ರಾಜ್ಯದ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ನಿಮ್ಹಾನ್ಸ್ ಜೊತೆಗೂಡಿ ‘ಯುವ ಸ್ಪಂದನ’ವನ್ನು ಆರಂಭಿಸಿತು. ಅದರ ಕೇಂದ್ರಗಳನ್ನು ಇಟ್ಟದ್ದು ಜಿಲ್ಲಾ ಕ್ರೀಡಾಂಗಣಗಳಲ್ಲಿ. ಕ್ರೀಡಾಂಗಣಕ್ಕೆ ಹೊರಟವನನ್ನು ಯಾರೂ ‘ಎಲ್ಲಿಗೆ’ ಎಂದು ಎರಡು ಸಲ ಕೇಳುವುದಿಲ್ಲ. ಯಾರೋ ಇಲಾಖೆಯವರು ಖಾಲಿ ಕೋಣೆ ಇದೆಯೆಂದು ಮಾಡಿದ ಏರ್ಪಾಡೋ, ಬೇಕೆಂದೇ ಮಾಡಿದ್ದೋ, ಜಾಣತನದ ಕೆಲಸ.

ಕಾನೂನೂ ಬಹಳ ನಡೆದು ಬಂದಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, ರೋಗಿಗೆ ಮಾಹಿತಿಯನ್ನು ಅವರಿಗೆ ಅರ್ಥವಾಗುವ ಸರಳ ಭಾಷೆಯಲ್ಲಿ ಕೊಡಬೇಕೆಂದು ಹೇಳುತ್ತದೆ. ಸ್ವತಃ ಬಂದು ಸೇರುವುದನ್ನು ರೂಢಿಯಾಗಿಯೂ ಬಲವಂತವನ್ನು ಅಪವಾದವಾಗಿಯೂ ನೋಡುತ್ತದೆ. ಬದುಕನ್ನು ಕೊನೆಗೊಳಿಸಲು ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದು ಪರಿಗಣಿಸಿ ಶಿಕ್ಷೆಯಿಂದ ಕಾಪಾಡುತ್ತದೆ. ಆದರೆ ಹದಿನೆಂಟು ತುಂಬದವರು ಆಸ್ಪತ್ರೆಗೆ ಸೇರಬೇಕಾದರೆ ಇಂದಿಗೂ ಪಾಲಕರ ಮೂಲಕವೇ ಬರಬೇಕು. ಅವರ ಮಟ್ಟಿಗೆ ಕಥೆ ಇನ್ನೂ ಪ್ರಥಮ ಪುರುಷದಲ್ಲೇ ಇದೆ.

2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ನನಗೆ ಗೋಪಾಲಸ್ವಾಮಿಯವರ ಬಾನುಲಿಗೂ ವಾರಪತ್ರಿಕೆಯ ಅಂಕಣಕ್ಕೂ ಹುಟ್ಟಿದ ಮಗುವಿನಂತೆ ಕಾಣುತ್ತದೆ. 14416 ಎಂಬ ಸಂಖ್ಯೆ; ಹಗಲೂ ರಾತ್ರಿಯೂ ಉಚಿತ; 20 ಭಾಷೆಗಳು. ನಿಮ್ಹಾನ್ಸ್ ಅದರ ಕೇಂದ್ರಸಂಸ್ಥೆ, ರಾಜ್ಯಗಳಲ್ಲಿ 53 ಘಟಕಗಳು. ಎರಡು ವರ್ಷ ತುಂಬುವ ಹೊತ್ತಿಗೆ 14 ಲಕ್ಷಕ್ಕೂ ಹೆಚ್ಚು ಕರೆಗಳು ಬಂದಿದ್ದವು. ಕರೆ ಮಾಡಿದವರಿಗೆ ಮೊದಲು ಸಿಗುವುದು ನುಡಿಯ ಆಯ್ಕೆ. ಖಾಪರಖೇಡಾದ ವಸತಿಗೃಹದ ಮಹಡಿಯ ಮೇಲೆ ನಿಂತು ಒಬ್ಬಳು ಕನ್ನಡದಲ್ಲೋ ಹಿಂದಿಯಲ್ಲೋ, ತನಗೆ ಯಾವುದು ಹಗುರವೋ ಅದರಲ್ಲಿ ಮಾತನಾಡಬಹುದು, ಚೌಕದಲ್ಲಿ ಇಳಿಯಬೇಕಿಲ್ಲ. ಫೋನಿನ ಮಾತು ಎಲ್ಲವನ್ನೂ ಗುಣಪಡಿಸುತ್ತದೆಂದು ಯಾರೂ ಹೇಳುತ್ತಿಲ್ಲ. ಕೊನೆಗೆ ಮದ್ದು ಬೇಕಾದವರು ಆಸ್ಪತ್ರೆಗೆ ಹೋಗಲೇಬೇಕು, ಆಗ ಅಲ್ಲಿನ ಕಿಟಕಿಯ ಹಿಂದಿರುವವರ ನುಡಿ ಯಾವುದೆಂಬ ಹಳೆಯ ಪ್ರಶ್ನೆ ಕಾದಿರುತ್ತದೆ. ಆದರೂ ಮೊದಲ ವಾಕ್ಯ ಹೊರಬಿದ್ದಿರುತ್ತದೆ.

ಇನ್ನು ಗೊಂಡಿ. 2011ರ ಜನಗಣತಿಯಲ್ಲಿ ಅದನ್ನು ತಮ್ಮ ನುಡಿಯೆಂದು ಬರೆಸಿದವರು ಸುಮಾರು 30 ಲಕ್ಷ. ಸಂವಿಧಾನದ ಎಂಟನೆಯ ಅನುಸೂಚಿಯಲ್ಲಿ ಅದಿಲ್ಲ. ನಮ್ಮ ತುಳುವೂ ಕೊಡವವೂ ಇಲ್ಲ. ಸರ್ಕಾರಿ ಸೇವೆಯೊಂದರ ಭಾಷೆಗಳ ಪಟ್ಟಿಯನ್ನು ಯಾರಾದರೂ ಕುಳಿತು ಮಾಡುವಾಗ ಕೈ ಮೊದಲು ಹೋಗುವುದು ಆ ಅನುಸೂಚಿಗೇ ಎಂಬುದು ಕಚೇರಿಯಲ್ಲಿ ಇಪ್ಪತ್ತು ವರ್ಷ ಕಳೆದ ನನಗೆ ಗೊತ್ತು. 2010ರಲ್ಲಿ ಶುಭ್ರಾಂಶು ಚೌಧರಿಯವರು ಛತ್ತೀಸಗಢದಲ್ಲಿ ಕಟ್ಟಿದ ‘ಸಿಜಿನೆಟ್ ಸ್ವರ’ ಈ ಕಷ್ಟವನ್ನು ಬೇರೆ ರೀತಿ ಬಿಡಿಸಿತ್ತು. ಅಕ್ಷರ ಬೇಡ, ಅನುಸೂಚಿ ಬೇಡ. ಸಾಮಾನ್ಯ ಫೋನಿನಿಂದ ಕರೆ ಮಾಡಿ ಗೊಂಡಿಯಲ್ಲೇ ಊರಿನ ದೂರು ಹೇಳಿದರೆ ಅದು ದಾಖಲಾಗಿ, ಇತರರೂ ಫೋನಿನಲ್ಲೇ ಕೇಳಬಹುದಾಗಿತ್ತು. ಬರದ ಕೂಲಿ, ಕೆಟ್ಟ ಕೊಳವೆಬಾವಿ, ಬಾರದ ಮೇಷ್ಟರು, ಇವು ಅಲ್ಲಿನ ದೂರುಗಳು. ನಿದ್ದೆ ಬಾರದ ದೂರನ್ನು ಅದೇ ನುಡಿಯಲ್ಲಿ ಹೇಳುವವರಿಗೆ ಬೇಕಾಗಿರುವುದು ಆ ನುಡಿಯಲ್ಲೇ ಹುಟ್ಟಿ ಬೆಳೆದು, ಆಪ್ತಸಲಹೆಯಲ್ಲಿ ತರಬೇತಾಗಿ, ಬೇರೆ ಊರಿನಲ್ಲಿ ಫೋನಿನ ಮುಂದೆ ಕೂರುವ ಹತ್ತಿಪ್ಪತ್ತು ಜನ. ಬಳ್ಳಾರಿಯಲ್ಲಿ ಆರೋಗ್ಯ ಕಾರ್ಯಕರ್ತರನ್ನು ತರಬೇತುಗೊಳಿಸಿದ ಸಂಸ್ಥೆಗೆ ಇದು ಹೊಸ ವಿದ್ಯೆಯೇನೂ ಅಲ್ಲ.